ಹೀಟರ್ ಆಮೇಲೆ, ಮೊದಲು ಪ್ಲಗ್ಗಿನ ಕಾಲು ಎಣಿಸು

ತಮ್ಮಾ, ನಿನ್ನ ಮೆಸೇಜ್ ನೋಡಿ ನಾಲ್ಕು ದಿನ ಆಯ್ತು. ಉತ್ತರ ತಡ ಆಗಿದ್ದಕ್ಕೆ ಬೇಜಾರಾಗಬೇಡ. ನಾನೀಗ ಅಮೆರಿಕದಲ್ಲಿಲ್ಲ, ರಾಯಚೂರಲ್ಲಿದ್ದೇನೆ. ಅವ್ವನನ್ನು ನೋಡೋಕೆ ಬಂದು ಮೂರು ವಾರ ಆಯ್ತು. ಮೇ ತಿಂಗಳ ಮಧ್ಯಾಹ್ನ, ಹೊರಗೆ 43 ಡಿಗ್ರಿ, ಕರೆಂಟ್ ಹೋಗಿ ಅರ್ಧ ಗಂಟೆ, ಕೂಲರ್ ನಿಂತಿದೆ, ನಾನು ಬನಿಯನ್ನಿನಲ್ಲಿ ಕೂತು ಹಳೆ ಕ್ಯಾಲೆಂಡರ್ ರಟ್ಟಿನಿಂದ ಗಾಳಿ ಬೀಸಿಕೊಳ್ಳುತ್ತಾ ನಿನಗೆ ಹೀಟರ್ ಬಗ್ಗೆ ಬರೆಯುತ್ತಿದ್ದೇನೆ. ಅವ್ವ ಬಂದು ‘ಏನ್ ಬರಿಯಾಕತ್ತೀ’ ಅಂದಳು. ಹೇಳಿದೆ. ‘ನಿಮಗ ತಲಿ ಕೆಟ್ಟೈತಿ’ ಅಂತ ಹೋದಳು.

ನೀನು ಕೇಳಿದ್ದು ಇಷ್ಟು. ಊರು ಕುಷ್ಟಗಿ. ಊರ ಸುತ್ತಲಿನ ಗಾಳಿಯಂತ್ರಗಳಲ್ಲಿ ಆರು ವರ್ಷ ಕೆಲಸ ಮಾಡಿ, ಈಗ ಗ್ರೀನ್ ಕಾರ್ಡ್ ಸಿಕ್ಕು ಏಪ್ರಿಲ್‌ನಲ್ಲಿ ಹೆಂಡತಿ ಜೊತೆ ಕಾನ್ಸಾಸ್‌ಗೆ ಬಂದಿದ್ದೀಯ. ಅಲ್ಲೂ ಅದೇ ಕೆಲಸ. ಆರು ತಿಂಗಳಿಗೊಮ್ಮೆ ಸೈಟ್ ಬದಲಾಗುತ್ತದೆ. ಪ್ರತಿ ಸಲ ಬಾಡಿಗೆ ಮನೆ, ಅಡ್ವಾನ್ಸ್, ಸಾಮಾನು ಸಾಗಿಸೋದು ಅಂತ ಒದ್ದಾಡುವ ಬದಲು ಗಾಡಿಯ ಹಿಂದೆ ಕಟ್ಟಿ ಎಳೆಯುವ 26 ಅಡಿಯ ಹಳೆ ಮನೆ-ಟ್ರೇಲರ್ ತಗೊಂಡು, ಇಂಥ ಗಾಡಿಮನೆಗಳು ಬಾಡಿಗೆಗೆ ನಿಲ್ಲುವ ಆರ್‌ವಿ ಪಾರ್ಕ್‌ನಲ್ಲಿ ಇರೋಣ ಅಂತ ನಿನ್ನ ಲೆಕ್ಕ. ಅದರಲ್ಲಿ ಪ್ರೊಪೇನ್ ಗ್ಯಾಸಿನ ಫರ್ನೇಸ್, ಅಂದರೆ ಗ್ಯಾಸ್ ಉರಿಸಿ ಒಳಗೆ ಬಿಸಿಗಾಳಿ ಬಿಡುವ ಪೆಟ್ಟಿಗೆ, ಇದೆ. ನಮ್ಮ ತಂಗಿ, ಅಂದರೆ ನಿನ್ನ ಹೆಂಡತಿ, ಸಣ್ಣವಳಿದ್ದಾಗ ಪಕ್ಕದ ಮನೆಯಲ್ಲಿ ಸಿಲಿಂಡರ್‌ಗೆ ಬೆಂಕಿ ಹತ್ತಿದ್ದನ್ನು ಕಣ್ಣಾರೆ ನೋಡಿದ್ದಾಳೆ. ಮಲಗುವ ಜಾಗದ ಹತ್ತಿರ ಗ್ಯಾಸ್ ಉರಿಯುತ್ತಿದ್ದರೆ ಅವಳಿಗೆ ನಿದ್ದೆ ಬರುವುದಿಲ್ಲ. ಹಾಗಾಗಿ ಗ್ಯಾಸ್ ಪೂರ್ತಿ ತೆಗೆಸಿ ಕರೆಂಟಲ್ಲೇ ಚಳಿಗಾಲ ಕಳೆಯಬಹುದಾ, ಯಾವ ಹೀಟರ್ ಒಳ್ಳೇದು ಅಣ್ಣಾರ, ಅಂತ ಕೇಳಿದ್ದೀಯ.

ಬಹುಪಾಲು ಕಳೆಯಬಹುದು. ಆದರೆ ಗ್ಯಾಸ್ ತೆಗೆಸಬೇಡ. ಯಾವ ಹೀಟರ್ ಅನ್ನುವುದನ್ನು ಕೊನೆಗೆ ಕೇಳು. ಮೊದಲು ನಿನಗೆ ಎಷ್ಟು ಆಂಪ್, ಅಂದರೆ ಒಟ್ಟಿಗೆ ಎಷ್ಟು ಕರೆಂಟ್, ಸಿಗುತ್ತದೆ ಅನ್ನುವುದನ್ನು ನೋಡು.

ನಾನು ಇದನ್ನು ಪುಸ್ತಕ ಓದಿ ಹೇಳುತ್ತಿಲ್ಲ. ಕಾನ್ಸಾಸ್, ನೆಬ್ರಾಸ್ಕಾ ಸೈಟ್‌ಗಳಲ್ಲಿ ಮೂರು ಚಳಿಗಾಲ ಟ್ರೇಲರ್‌ನಲ್ಲೇ ಕಳೆದಿದ್ದೇನೆ, ಆಮೇಲೆ ಮಕ್ಕಳ ಸ್ಕೂಲ್ ಅಂತ ಮನೆ ಮಾಡಿದೆ. ಅಪ್ಪ ಶಕ್ತಿನಗರದ ಥರ್ಮಲ್‌ನಲ್ಲಿದ್ದರು. ಅಲ್ಲಿ ಈಗ 8 ಘಟಕ, 1720 ಮೆಗಾವ್ಯಾಟ್. ನಾಡಿಗೆಲ್ಲ ಕರೆಂಟ್ ಕೊಡುವ ಊರಿನಲ್ಲಿ ಹುಟ್ಟಿ ಲೋಡ್ ಶೆಡ್ಡಿಂಗ್‌ನಲ್ಲಿ ಓದಿದವನು ನಾನು. ಕರೆಂಟ್ ಮೇಲೆ ಪ್ರೀತಿ ಇದೆ. ಪೂರ್ತಿ ನಂಬಿಕೆ ಇಲ್ಲ.

ನಮ್ಮ ಕಡೆ ಹಾಸ್ಟೆಲ್ ಹುಡುಗರು ಬಕೆಟ್‌ಗೆ ಹಾಕಿ ನೀರು ಕಾಯಿಸುವ ಕಾಯಿಲ್ ಇರುತ್ತದಲ್ಲ, ಅದು 1500 ವ್ಯಾಟ್. ಅಮೆರಿಕದ ಅಂಗಡಿಯಲ್ಲಿ ಸಿಗುವ ರೂಮ್ ಹೀಟರ್ ಕೂಡ ಹೆಚ್ಚುಕಡಿಮೆ ಎಲ್ಲವೂ 1500 ವ್ಯಾಟ್. ಮೂವತ್ತು ಡಾಲರಿಂದಾದರೂ ಅಷ್ಟೇ, ಮುನ್ನೂರು ಡಾಲರಿಂದಾದರೂ ಅಷ್ಟೇ. ಸೆರಾಮಿಕ್ ಅನ್ನಲಿ, ಇನ್ಫ್ರಾರೆಡ್ ಅನ್ನಲಿ, ಎಣ್ಣೆ ತುಂಬಿದ ರೇಡಿಯೇಟರ್ ಅನ್ನಲಿ, ಗಾಜಿನ ಹಿಂದೆ ಸುಳ್ಳು ಬೆಂಕಿ ಕುಣಿಯುವ ಫೈರ್‌ಪ್ಲೇಸ್ ಅನ್ನಲಿ, ಒಳಗೆ ಹೋದ ಕರೆಂಟಷ್ಟೇ ಬಿಸಿ ಹೊರಗೆ ಬರುವುದು. 1500 ವ್ಯಾಟ್ ಅಂದರೆ ಗಂಟೆಗೆ ಸುಮಾರು 5100 ಬಿಟಿಯು, ಅದು ಬಿಸಿಯ ಅಳತೆ. ಎಸಿಯ ಭಾಷೆಯಲ್ಲಿ ಹೇಳುತ್ತೇನೆ, ನಿನಗೆ ಬೇಗ ಹೊಳೆಯುತ್ತದೆ. 12,000 ಬಿಟಿಯು ಅಂದರೆ ಒಂದು ಟನ್. ಒಂದು ಹೀಟರ್ ಅರ್ಧ ಟನ್ನೂ ಇಲ್ಲ. ನಿನ್ನ ಗ್ಯಾಸ್ ಫರ್ನೇಸ್ 30,000 ಬಿಟಿಯು ಇದ್ದರೆ ಅದು ಎರಡೂವರೆ ಟನ್. ಅಂದರೆ ಫರ್ನೇಸ್ ಜಾಗದಲ್ಲಿ ಒಂದು ಹೀಟರ್ ಇಟ್ಟರೆ, ಎತ್ತು ಕಟ್ಟುವ ಕಡೆ ಆಡು ಕಟ್ಟಿದ ಹಾಗೆ.

ಇದು ಅರ್ಧ ಮಾತು. ಇನ್ನರ್ಧ ವೋಲ್ಟೇಜ್. ನಮ್ಮಲ್ಲಿ 230 ವೋಲ್ಟ್, ಅಲ್ಲಿ 120. ಅದೇ 1500 ವ್ಯಾಟ್ ಕಾಯಿಲ್ ನಮ್ಮಲ್ಲಿ ಆರೂವರೆ ಆಂಪ್ ಎಳೆದರೆ ಅಲ್ಲಿಯ ಹೀಟರ್ ಹನ್ನೆರಡೂವರೆ ಆಂಪ್ ಎಳೆಯುತ್ತದೆ. ಆಂಪ್ ಎರಡು ಪಟ್ಟಾದರೆ ತಂತಿಯಲ್ಲಿ, ಪ್ಲಗ್ಗಿನ ಕಾಲಲ್ಲಿ ಹುಟ್ಟುವ ಬಿಸಿ ನಾಲ್ಕು ಪಟ್ಟು. ನಮ್ಮ ಮನೆಗಳಲ್ಲಿ ಗೀಸರ್‌ಗೆ ದಪ್ಪ ಕಾಲಿನ ಪವರ್ ಪ್ಲಗ್ ಬೇರೆ ಇರುತ್ತದೆ. ಅಲ್ಲಿ ಫೋನ್ ಚಾರ್ಜ್ ಮಾಡುವ ಪಾಯಿಂಟಿಗೇ ಹೀಟರ್ ಚುಚ್ಚುತ್ತಾರೆ. ಮನೆಗಳಲ್ಲಿ ಅದು ನಡೆಯುತ್ತದೆ. ಹಳೆ ಟ್ರೇಲರ್‌ನ ಪಾಯಿಂಟ್‌ಗಳು ಅಗ್ಗದವು, ಎಷ್ಟೋ ಕಡೆ ತಂತಿಯನ್ನು ಸ್ಕ್ರೂ ಹಾಕಿ ಬಿಗಿದಿರುವುದಿಲ್ಲ, ಕ್ಲಿಪ್ಪಿಗೆ ಒತ್ತಿ ಕೂರಿಸಿರುತ್ತಾರೆ. ಗಾಡಿ ರಸ್ತೆಯಲ್ಲಿ ಕುಲುಕಿ ಕುಲುಕಿ ಅದು ಸಡಿಲ ಆಗುತ್ತದೆ. ಇಡೀ ರಾತ್ರಿ ಹನ್ನೆರಡೂವರೆ ಆಂಪ್ ಹರಿದರೆ ಅದು ತಾಳುವುದಿಲ್ಲ. ನನ್ನ ಮೊದಲನೇ ಚಳಿಗಾಲದಲ್ಲಿ ಡಿಸೆಂಬರ್‌ನ ಒಂದು ಬೆಳಗಿನ ಜಾವ ಮೀನು ಕೊಳೆತ ವಾಸನೆ ಬಂತು. ಹೆಂಡತಿ ‘ಫ್ರಿಜ್ ಕೆಟ್ಟಿದೆ’ ಅಂದಳು. ನಾವು ಮನೆಯಲ್ಲಿ ಮೀನೇ ತರುವುದಿಲ್ಲ. ಹೀಟರ್ ಪ್ಲಗ್ ಮುಟ್ಟಿ ನೋಡಿದರೆ ಬೆರಳು ಸುಟ್ಟಿತು. ಪಾಯಿಂಟಿನ ಬಿಳಿ ಪ್ಲಾಸ್ಟಿಕ್ ಕರಗಿ ಕಂದು ಬಣ್ಣಕ್ಕೆ ಬಂದಿತ್ತು. ಪ್ಲಾಸ್ಟಿಕ್ ಸುಡುವಾಗ ಆ ವಾಸನೆ ಬರುತ್ತದೆ, ನೆನಪಿಟ್ಟುಕೋ. ಕರೆಂಟ್ ಮಿತಿ ದಾಟಿದರೆ ಕಟ್ ಮಾಡುವ ಬ್ರೇಕರ್ ಮಾತ್ರ ಟ್ರಿಪ್ ಆಗಿರಲಿಲ್ಲ, ಯಾಕಂದರೆ ಅದರ ಪಾಲಿಗೆ ಎಲ್ಲ ಸರಿಯೇ ಇತ್ತು. ಕರೆಂಟ್ ಹದಿನೈದು ಆಂಪ್ ದಾಟಿರಲಿಲ್ಲ.

ಅವತ್ತಿನಿಂದ ನನ್ನ ಅಭ್ಯಾಸ ಅಂದರೆ, ಹೀಟರ್ ಹಾಕಿ ಅರ್ಧ ಗಂಟೆ ಬಿಟ್ಟು ಪ್ಲಗ್ ಮುಟ್ಟಿ ನೋಡುವುದು. ಬೆಚ್ಚಗಿದ್ದರೆ ಪರವಾಗಿಲ್ಲ, ಸುಡುತ್ತಿದ್ದರೆ ಆಗಲೇ ತೆಗಿ. ಮಲಗುವಾಗ 1500ರಲ್ಲಿ ಬಿಡಬೇಡ, ಹೆಚ್ಚಿನ ಹೀಟರ್‌ಗಳಲ್ಲಿ 750 ಅಥವಾ 900ರ ಒಂದು ಹಂತ ಇರುತ್ತದೆ, ಅದರಲ್ಲಿಡು. ರಾತ್ರಿಗೆ ಎಣ್ಣೆ ರೇಡಿಯೇಟರ್ ನನಗೆ ಇಷ್ಟ. ಕೆಂಪಗೆ ಕಾಯುವುದಿಲ್ಲ, ಫ್ಯಾನ್ ಸದ್ದಿಲ್ಲ, ಆಫ್ ಆದ ಮೇಲೂ ಸ್ವಲ್ಪ ಹೊತ್ತು ಬಿಸಿ ಇರುತ್ತದೆ. ಬೆಳಿಗ್ಗೆ ಎದ್ದ ತಕ್ಷಣ ಬೇಗ ಬಿಸಿ ಬೇಕಾದಾಗ ಫ್ಯಾನಿರುವ ಸೆರಾಮಿಕ್. ಇವೆರಡು ಸಾಕು. ಹೀಟರ್ ಬಗ್ಗೆ ಇನ್ನು ಜಾಸ್ತಿ ಹೇಳೋಕೆ ಏನೂ ಇಲ್ಲ.

ಈಗ ಆಂಪ್ ವಿಷಯಕ್ಕೆ ಬರೋಣ. ಪಾರ್ಕ್‌ನಲ್ಲಿ ನಿನ್ನ ಜಾಗದ ಪಕ್ಕ ಒಂದು ಮೋಟು ಕಂಬ ಇರುತ್ತದೆ, ಪೆಡೆಸ್ಟಲ್ ಅನ್ನುತ್ತಾರೆ. ಅದರಲ್ಲಿ ಸಾಮಾನ್ಯವಾಗಿ 50 ಆಂಪ್, 30 ಆಂಪ್, 20 ಆಂಪ್ ಅಂತ ಬೇರೆ ಬೇರೆ ಪಾಯಿಂಟ್. ನಿನ್ನ ಟ್ರೇಲರ್ ವೈರಿನ ತುದಿಯ ದಪ್ಪ ಪ್ಲಗ್ಗಿಗೆ ಮೂರು ಕಾಲಿದ್ದರೆ ಅದು 30 ಆಂಪ್, ನಾಲ್ಕಿದ್ದರೆ 50 ಆಂಪ್. ಮೂವತ್ತಕ್ಕೂ ಐವತ್ತಕ್ಕೂ ಇಪ್ಪತ್ತರ ವ್ಯತ್ಯಾಸ ಅಂದುಕೊಳ್ಳಬೇಡ. ಮೂರು ಕಾಲಿನದ್ದು 120 ವೋಲ್ಟಿನ ಒಂದೇ ಲೈನ್, 3600 ವ್ಯಾಟ್ ಅಷ್ಟೇ. ನಾಲ್ಕು ಕಾಲಿನದ್ದರಲ್ಲಿ ಐವತ್ತೈವತ್ತರ ಎರಡು ಲೈನ್ ಬರುತ್ತವೆ, ಒಟ್ಟು 12,000 ವ್ಯಾಟ್. ಮೂರು ಪಟ್ಟಿಗಿಂತ ಜಾಸ್ತಿ! 26 ಅಡಿಯ ಹಳೆ ಟ್ರೇಲರ್ ಅಂದಿದ್ದೀಯಲ್ಲ, ನನ್ನ ಅಂದಾಜಿನಲ್ಲಿ ನಿನ್ನದು ಮೂರು ಕಾಲಿನದ್ದೇ.

3600 ವ್ಯಾಟ್ ಹೇಗೆ ಕರಗುತ್ತದೆ ನೋಡು. ಎರಡು ಹೀಟರ್ ಹಾಕಿದೆ, 25 ಆಂಪ್ ಹೋಯ್ತು. ಉಳಿದದ್ದು ಐದು. ಬ್ಯಾಟರಿ ಚಾರ್ಜರ್, ಫ್ರಿಜ್ ಅದರಲ್ಲೇ ಬದುಕಬೇಕು. ಆಗ ನಮ್ಮ ತಂಗಿ ಹಾಲು ಬಿಸಿ ಮಾಡೋಕೆ ಮೈಕ್ರೋವೇವ್ ಹಾಕುತ್ತಾಳೆ, ಟಪ್. ಹೊರಗೆ ಹಿಮ ಸುರಿಯುವಾಗ ಚಪ್ಪಲಿ ಹಾಕಿಕೊಂಡು ಓಡಿ ಹೋಗಿ ಬ್ರೇಕರ್ ಎತ್ತುವವನು ನೀನೇ. ಕರೆಂಟಿನ ಬಿಸಿನೀರು ಹಂಡೆಯೂ ಹನ್ನೆರಡು ಆಂಪ್ ಹತ್ತಿರ ಎಳೆಯುತ್ತದೆ, ಇಂಡಕ್ಷನ್ ಒಲೆ ಅದಕ್ಕಿಂತ ಜಾಸ್ತಿ. ಅದೂ ಅಲ್ಲದೆ ತಾಸುಗಟ್ಟಲೆ ಎಳೆಯುವ ಲೋಡ್ ಬ್ರೇಕರ್ ಅಳತೆಯ ಎಂಬತ್ತು ಪರ್ಸೆಂಟ್ ದಾಟಬಾರದು ಅನ್ನುವುದು ಅಲ್ಲಿಯ ಲೆಕ್ಕ, ಅಂದರೆ 24 ಆಂಪ್. ನಾವು ಮನೆಯಲ್ಲಿ ಒಂದು ನಿಯಮ ಮಾಡಿಕೊಂಡಿದ್ದೆವು. ಅಡುಗೆ ಮನೆಯಲ್ಲಿ ಏನಾದರೂ ಕಾಯುತ್ತಿದ್ದರೆ ಒಂದು ಹೀಟರ್ ಬಂದ್. ಅದಕ್ಕೆ ಜಗಳವೂ ಆಗಿದೆ.

ಇದಕ್ಕೊಂದು ದಾರಿ ಇದೆ, ನಾನು ಎರಡನೇ ವರ್ಷ ಮಾಡಿಸಿದ್ದು. ಪೆಡೆಸ್ಟಲ್‌ನಲ್ಲಿ ಆ 20 ಆಂಪಿನ ಪಾಯಿಂಟ್ ಸುಮ್ನೆ ಖಾಲಿ ಇರುತ್ತದಲ್ಲ? ಟ್ರೇಲರ್ ಗೋಡೆಗೆ ಹೊರಗಿನಿಂದ ಇನ್ನೊಂದು ಇನ್ಲೆಟ್ ಕೂರಿಸಿ, ಒಳಗೆ ಅದಕ್ಕೇ ಮೀಸಲಾದ ಒಂದು ಒಳ್ಳೆಯ 20 ಆಂಪ್ ಪಾಯಿಂಟ್ ಹಾಕಿಸಬೇಕು. ಟ್ರೇಲರ್‌ನ ಹಳೆ ವೈರಿಂಗ್‌ಗೆ ಅದು ಎಲ್ಲೂ ಮುಟ್ಟಬಾರದು. ಒಂದು ಹೀಟರ್ ಅದರ ಮೇಲೆ ಹೋಯಿತು ಅಂದರೆ 30 ಆಂಪಿನಲ್ಲಿ ಉಸಿರಾಡೋಕೆ ಜಾಗ ಸಿಗುತ್ತದೆ. ಒಳಗಿನ ವೈರ್ 12 ಗೇಜ್ ಇರಬೇಕು, ಹೊರಗಿನ ಕೇಬಲ್ ಹೊರಾಂಗಣಕ್ಕೆ ಅಂತ ಮಾಡಿದ 12 ಅಥವಾ 10 ಗೇಜ್. ನಮ್ಮಲ್ಲಿ ಎರಡೂವರೆ ಸ್ಕ್ವೇರ್, ನಾಲ್ಕು ಸ್ಕ್ವೇರ್ ಅನ್ನುತ್ತೇವಲ್ಲ, ನಂಬರ್ ಜಾಸ್ತಿಯಾದಷ್ಟು ದಪ್ಪ. ಅಲ್ಲಿ ಉಲ್ಟಾ, ನಂಬರ್ ಕಡಿಮೆಯಾದಷ್ಟು ದಪ್ಪ. 12 ಗೇಜ್ ಅಂದರೆ ನಮ್ಮ ಲೆಕ್ಕದಲ್ಲಿ ಮೂರು ಸ್ಕ್ವೇರ್ ಮೇಲೆ. ಇದನ್ನು ಕಲಿತ ಎಲೆಕ್ಟ್ರಿಷಿಯನ್ ಹತ್ತಿರ ಮಾಡಿಸು, ಪಾರ್ಕಿನವರನ್ನು ಕೇಳಿಯೇ ಹಾಕು. ಐದಾರು ತೂತಿನ ಎಕ್ಸ್‌ಟೆನ್ಶನ್ ಬೋರ್ಡಿಗೆ ಮಾತ್ರ ಹೀಟರ್ ಚುಚ್ಚಬೇಡ. ಊರಲ್ಲಿ ಮದುವೆ ಮನೆಯಲ್ಲಿ ಮಾಡುತ್ತೇವೆ ಅಂತ ಅಲ್ಲಿ ಮಾಡೋಕೆ ಹೋಗಬೇಡ.

ಎಲೆಕ್ಟ್ರಿಷಿಯನ್ ಅಂದಾಗ ನೆನಪಾಯ್ತು. ನನ್ನ ಜೊತೆ ಕೆಲಸ ಮಾಡುತ್ತಿದ್ದ ಒಬ್ಬ, ಪರಿಚಯದವರ ಅಂಗಳದಲ್ಲಿ ಟ್ರೇಲರ್ ನಿಲ್ಲಿಸೋಕೆ ಅಂತ 30 ಆಂಪ್ ಪಾಯಿಂಟ್ ಹಾಕಿಸಿದ. ಬಂದವನು ಮೂರು ಕಾಲಿನ ದಪ್ಪ ಪಾಯಿಂಟ್ ನೋಡಿ, ಬಟ್ಟೆ ಒಣಗಿಸುವ ಮಷಿನ್‌ಗೆ ಕೊಡುವ ಹಾಗೆ 240 ವೋಲ್ಟ್ ಕೊಟ್ಟುಬಿಟ್ಟ. ಪ್ಲಗ್ ಹಾಕಿದ ಕೂಡಲೇ ಮೈಕ್ರೋವೇವ್, ಚಾರ್ಜರ್, ಟಿವಿ ಎಲ್ಲ ಒಟ್ಟಿಗೆ ಹೋದವು. ಮೂರು ಕಾಲಿನ ಆರ್‌ವಿ ಪಾಯಿಂಟ್ ಯಾವತ್ತೂ 120 ವೋಲ್ಟ್. ಯಾರೇ ಹಾಕಿಕೊಟ್ಟರೂ ಮೊದಲು ಮೀಟರ್ ಇಟ್ಟು ನೋಡು, ನಿನಗದು ಹೊಸದಲ್ಲ. ಮತ್ತೆ ಪೆಡೆಸ್ಟಲ್‌ಗೂ ನಿನ್ನ ವೈರ್‌ಗೂ ನಡುವೆ ಕೂರುವ ಪ್ರೊಟೆಕ್ಟರ್ ಒಂದು ತಗೋ. ವೋಲ್ಟೇಜ್ ಏರಿದರೂ ಇಳಿದರೂ ಕಟ್ ಮಾಡುವಂಥದ್ದು. ನಮ್ಮ ಹಳ್ಳಿಗಳಲ್ಲಿ ಪಂಪ್‌ಸೆಟ್‌ಗೆ ಕರೆಂಟ್ ಬಿಟ್ಟ ಹೊತ್ತಿಗೆ ಬಲ್ಬ್ ಮಂಕಾಗುತ್ತದಲ್ಲ, ಪಾರ್ಕ್‌ಗಳಲ್ಲಿ ಚಳಿಗಾಲದ ಸಂಜೆ ಅದೇ ಕಥೆ, ಎಲ್ಲರೂ ಒಂದೇ ಹೊತ್ತಿಗೆ ಹೀಟರ್ ಹಾಕುತ್ತಾರೆ. ವೋಲ್ಟೇಜ್ ಇಳಿದರೆ ಹೀಟರ್ ಸ್ವಲ್ಪ ಕಡಿಮೆ ಕಾಯುತ್ತದೆ ಅಷ್ಟೇ, ಕಂಪ್ರೆಸರ್ ಇರುವ ಸಾಮಾನು ಮಾತ್ರ ಸುಟ್ಟುಹೋಗುತ್ತದೆ.

ಈಗ ಗ್ಯಾಸ್ ಯಾಕೆ ತೆಗೆಸಬಾರದು ಅಂತ ಹೇಳುತ್ತೇನೆ. ಇದನ್ನು ನಾನು ದುಡ್ಡು ಕೊಟ್ಟು ಕಲಿತದ್ದು.

ಮೊದಲನೇ ವರ್ಷ ನಾನೂ ನಿನ್ನ ಹಾಗೇ ಜಾಣ. ಎರಡು ಹೀಟರ್, ಒಳಗೆ 22 ಡಿಗ್ರಿ, ಫರ್ನೇಸ್ ಓಡುವುದೇ ಇಲ್ಲ, ಗ್ಯಾಸ್ ಉಳಿತಾಯ ಅಂತ ಖುಷಿ. ಜನವರಿಯಲ್ಲಿ ಒಂದು ರಾತ್ರಿ ಮೈನಸ್ 12ಕ್ಕೆ ಇಳಿಯಿತು. ಒಳಗೆ ಮಾತ್ರ ಬೆಚ್ಚಗೇ ಇತ್ತು. ಬೆಳಿಗ್ಗೆ ನಲ್ಲಿ ತಿರುಗಿಸಿದರೆ ನೀರಿಲ್ಲ. ಮಧ್ಯಾಹ್ನ ಬಿಸಿಲು ಬಿದ್ದ ಮೇಲೆ ನೀರು ಬಂತು, ನಲ್ಲಿಯಲ್ಲಲ್ಲ, ನೆಲದ ಕೆಳಗಿಂದ. ಪೈಪ್ ಒಡೆದಿತ್ತು. ಯಾಕೆ ಗೊತ್ತಾ? ಚಳಿಗೆ ಅಂತ ಮಾಡಿದ ಹೆಚ್ಚಿನ ಟ್ರೇಲರ್‌ಗಳಲ್ಲಿ ಫರ್ನೇಸಿನ ಬಿಸಿಗಾಳಿ ನೆಲದ ಕೆಳಗಿನ ನಾಳದಲ್ಲಿ ಹರಿದು ಬರುತ್ತದೆ. ನೀರಿನ ಪೈಪು, ಕೊಳೆ ನೀರಿನ ಟ್ಯಾಂಕು ಎಲ್ಲ ಅಲ್ಲೇ ಇರುತ್ತವೆ. ಬರುವಾಗ ಅವಕ್ಕೂ ಬಿಸಿ ಕೊಟ್ಟು ಬರುತ್ತದೆ. ನಾನು ಹೀಟರ್ ಇಟ್ಟು ಹಾಲ್ ಬೆಚ್ಚಗೆ ಮಾಡಿದೆ, ಥರ್ಮೋಸ್ಟಾಟ್ ‘ಎಲ್ಲ ಬೆಚ್ಚಗಿದೆ’ ಅಂದುಕೊಂಡು ಫರ್ನೇಸನ್ನು ಎಬ್ಬಿಸಲೇ ಇಲ್ಲ, ಹೊಟ್ಟೆ ಕೆಳಗೆ ಪೈಪುಗಳು ಸತ್ತವು.

ಹಾಗಾಗಿ ಹೊರಗೆ ಸೊನ್ನೆಗಿಂತ ಎರಡು ಮೂರು ಡಿಗ್ರಿ ಮೇಲಿರುವವರೆಗೆ ಹೀಟರ್‌ನಲ್ಲಿ ಇರು. ಅದಕ್ಕಿಂತ ಕೆಳಗಿಳಿಯುತ್ತದೆ ಅನ್ನುವ ರಾತ್ರಿ ಹೀಟರ್ ಕಡಿಮೆ ಮಾಡಿ ಫರ್ನೇಸ್ ಓಡಿಸು. ಇಲ್ಲ, ಗ್ಯಾಸ್ ಬೇಡವೇ ಬೇಡ ಅಂದರೆ ಪೈಪುಗಳಿಗೆ ಬೇರೆ ವ್ಯವಸ್ಥೆ ಮಾಡಲೇಬೇಕು. ಟ್ಯಾಂಕ್ ಕೆಳಗೆ ಅಂಟಿಸುವ ಕರೆಂಟ್ ಪ್ಯಾಡ್‌ಗಳಿವೆ. ಒಳಗೆ ಬಿಸಿ ತಂತಿ ಇರುವ ನೀರಿನ ಪೈಪ್ ಸಿಗುತ್ತದೆ. 2 ಡಿಗ್ರಿಗೆ ತಾನೇ ಆನ್ ಆಗಿ 7 ಡಿಗ್ರಿಗೆ ತಾನೇ ಆಫ್ ಆಗುವ ಸಣ್ಣ ಪ್ಲಗ್ ಸಿಗುತ್ತದೆ, ಬಿಸಿ ತಂತಿಯಂಥ ಸಣ್ಣಪುಟ್ಟದ್ದನ್ನು ಅದರ ಮೇಲೆ ಬಿಡಬಹುದು. ಕೊಳೆ ನೀರಿನ ವಾಲ್ವ್ ಯಾವಾಗಲೂ ಮುಚ್ಚಿಡು, ಟ್ಯಾಂಕ್ ತುಂಬಿದ ಮೇಲೆ ಒಟ್ಟಿಗೆ ಬಿಡು. ಹನಿಹನಿ ಬಿಟ್ಟರೆ ಪೈಪಿನಲ್ಲೇ ಗಡ್ಡೆ ಕಟ್ಟುತ್ತದೆ. ಫರ್ನೇಸಿನ ನಾಳಕ್ಕೇ ಕರೆಂಟ್ ಕಾಯಿಲ್ ಕೂರಿಸುವ ಕಿಟ್ ಕೂಡ ಇದೆ. ಅದೇ ಫ್ಯಾನ್, ಅದೇ ನಾಳ, ಗ್ಯಾಸ್ ಬದಲು ಕರೆಂಟ್. ಹೊಟ್ಟೆ ಕೆಳಗೂ ಬಿಸಿ ಹೋಗುತ್ತದೆ. ನನಗೆ ಕೇಳಿದರೆ ಗ್ಯಾಸ್ ಬೇಡ ಅನ್ನುವವರಿಗೆ ಅದೇ ಸರಿಯಾದ ದಾರಿ, ಆದರೆ 30 ಆಂಪಿನಲ್ಲಿ ಸಣ್ಣ ಕಾಯಿಲ್ ಮಾತ್ರ ಹಾಕೋಕಾಗುತ್ತದೆ. 50 ಆಂಪಿದ್ದರೆ ಯೋಚಿಸು.

ನಮ್ಮ ತಂಗಿಗೆ ಇದನ್ನೂ ಹೇಳು. ಅಲ್ಲಿ ಸಿಲಿಂಡರ್ ಮನೆಯೊಳಗೆ ಇರುವುದಿಲ್ಲ, ಟ್ರೇಲರ್ ಮೂತಿಯ ಮೇಲೆ ಹೊರಗೆ ಕೂತಿರುತ್ತದೆ. ಫರ್ನೇಸಿನ ಉರಿ ಮುಚ್ಚಿದ ಕಬ್ಬಿಣದ ಪೆಟ್ಟಿಗೆಯಲ್ಲಿರುತ್ತದೆ, ಅದಕ್ಕೆ ಗಾಳಿ ಹೊರಗಿನಿಂದ, ಹೊಗೆಯೂ ಹೊರಗೆ. ನೀವು ಉಸಿರಾಡುವ ಗಾಳಿ ಆ ಪೆಟ್ಟಿಗೆಯ ಹೊರಮೈ ಸವರಿ ಬಿಸಿಯಾಗಿ ಬರುತ್ತದೆ ಅಷ್ಟೇ. ಪ್ರೊಪೇನ್ ಗಾಳಿಗಿಂತ ಭಾರ, ಸೋರಿದರೆ ಕೆಳಗೆ ಕೂರುತ್ತದೆ, ಅದಕ್ಕೇ ನೆಲದ ಹತ್ತಿರ ಒಂದು ಗ್ಯಾಸ್ ಅಲಾರಂ ಇರುತ್ತದೆ. ಅದರ ಮೇಲೆ ತಾರೀಖು ಬರೆದಿರುತ್ತದೆ, ಅವಧಿ ಮುಗಿದಿದ್ದರೆ ಹೊಸದು ಹಾಕು. ಉರಿಯಿಂದ ಹುಟ್ಟುವ ವಿಷಗಾಳಿ ಕಾರ್ಬನ್ ಮೊನಾಕ್ಸೈಡ್, ಅದರ ಅಲಾರಂ ಕೂಡ ಇರಲೇಬೇಕು. ಏನೇ ಆಗಲಿ, ಚಳಿ ಅಂತ ಅಡುಗೆ ಒಲೆ ಹಚ್ಚಿ ಮಲಗಬೇಡಿ. ಆ ವಿಷಗಾಳಿಗೆ ಬಣ್ಣ ಇಲ್ಲ, ವಾಸನೆ ಇಲ್ಲ, ನಿದ್ದೆಯಲ್ಲೇ ಮುಗಿಸಿಬಿಡುತ್ತದೆ. ಒಲೆ ರೊಟ್ಟಿಗೆ ಮಾತ್ರ. ಹೌದು, ಗ್ಯಾಸ್ ಇಟ್ಟುಕೊಳ್ಳೋಕೆ ಅದೂ ಒಂದು ಕಾರಣ. ಇಂಡಕ್ಷನ್ ಮೇಲೆ ಜೋಳದ ರೊಟ್ಟಿ ಉಬ್ಬಿಸಿದವರನ್ನು ನಾನಿನ್ನೂ ನೋಡಿಲ್ಲ.

ಇನ್ನೊಂದು ಕಾರಣ ಕರೆಂಟ್ ಹೋಗುವುದು. ಅಮೆರಿಕದಲ್ಲಿ ಹೋಗಲ್ಲ ಅಂದುಕೊಂಡಿದ್ದೀಯಾ? 2021ರ ಫೆಬ್ರವರಿಯ ಚಳಿಯಲ್ಲಿ ಟೆಕ್ಸಾಸ್‌ನಲ್ಲಿ ಲಕ್ಷಾಂತರ ಮನೆಗಳಿಗೆ ದಿನಗಟ್ಟಲೆ ಕರೆಂಟ್ ಇರಲಿಲ್ಲ, ಕಾನ್ಸಾಸ್ ಕಡೆಯೂ ಸರದಿ ಮೇಲೆ ತೆಗೆದರು. ಥೇಟ್ ನಮ್ಮ ಲೋಡ್ ಶೆಡ್ಡಿಂಗ್. ಅಂಥ ದಿನ ಬ್ಯಾಟರಿ ಮೇಲೆ ಹೀಟರ್ ಓಡಿಸುವ ಆಸೆ ಇಟ್ಟುಕೊಳ್ಳಬೇಡ. 100 ಆಂಪ್-ಅವರ್‌ನ 12 ವೋಲ್ಟ್ ಲಿಥಿಯಂ ಬ್ಯಾಟರಿಯಲ್ಲಿ ಇರುವುದು ಒಂದೂಕಾಲು ಯೂನಿಟ್ ಚಿಲ್ಲರೆ, 1500 ವ್ಯಾಟ್ ಹೀಟರ್ ಅದನ್ನು ಒಂದು ಗಂಟೆಯೊಳಗೆ ಕುಡಿದುಬಿಡುತ್ತದೆ. ಅದೇ ಬ್ಯಾಟರಿ ಗ್ಯಾಸ್ ಫರ್ನೇಸಿನ ಫ್ಯಾನನ್ನು ಇಡೀ ರಾತ್ರಿ ತಿರುಗಿಸುತ್ತದೆ. ಚಳಿಗಾಲದಲ್ಲಿ ಮೇಲೆ ನಾಲ್ಕು ಸೋಲಾರ್ ಪ್ಯಾನೆಲ್ ಹಾಕಿ ಹೀಟರ್ ಓಡಿಸುತ್ತೇನೆ ಅನ್ನುವವರ ಮಾತೂ ಕೇಳಬೇಡ.

ನೀನು ದುಡ್ಡಿನ ಲೆಕ್ಕವನ್ನೂ ಕೇಳಿದ್ದೆ. ನಮ್ಮ ಮನೆ ಸಿಲಿಂಡರ್‌ನಲ್ಲಿ 14.2 ಕೆಜಿ, ಅದು ಪ್ರೊಪೇನ್ ಬ್ಯೂಟೇನ್ ಎರಡರ ಮಿಶ್ರಣ. ಅಲ್ಲಿ ಬರೀ ಪ್ರೊಪೇನ್, ಯಾಕಂದರೆ ಬ್ಯೂಟೇನ್ ಸೊನ್ನೆ ಡಿಗ್ರಿಯ ಹತ್ತಿರವೇ ಆವಿಯಾಗೋದು ನಿಲ್ಲಿಸುತ್ತದೆ, ಪ್ರೊಪೇನ್ ಮೈನಸ್ 42ರವರೆಗೆ ಬರುತ್ತದೆ. ಅಲ್ಲಿಯ ಸಾಮಾನ್ಯ ಸಿಲಿಂಡರ್ 20 ಪೌಂಡ್, ನಮ್ಮ 9 ಕೆಜಿ. ಫರ್ನೇಸಿನಲ್ಲಿ ಸುಟ್ಟಾಗ ಕಾಲು ಭಾಗ ಹೊಗೆಯ ಜೊತೆ ಹೊರಗೆ ಹೋಗುತ್ತದೆ, ಉಳಿದದ್ದನ್ನು ಕರೆಂಟಿಗೆ ತಿರುಗಿಸಿದರೆ ಸುಮಾರು 95 ಯೂನಿಟ್. ಸಿಲಿಂಡರ್ ತುಂಬಿಸೋಕೆ ನೀನು ಕೊಟ್ಟ ದುಡ್ಡನ್ನು 95ರಿಂದ ಭಾಗಿಸು. 20 ಡಾಲರ್ ಕೊಟ್ಟಿದ್ದರೆ ಯೂನಿಟ್‌ಗೆ 21 ಸೆಂಟ್. ಪಾರ್ಕಿನವರ ಕರೆಂಟ್ ಅದಕ್ಕಿಂತ ಅಗ್ಗವಾ, ಹೀಟರ್ ಹಾಕು. ಜಾಸ್ತಿಯಾ, ಗ್ಯಾಸ್ ಹಾಕು. ಅಂಗಡಿ ಮುಂದೆ ಖಾಲಿ ಕೊಟ್ಟು ತುಂಬಿದ್ದು ತಗೊಳ್ಳುವ ಕಡೆ ಸಾಮಾನ್ಯವಾಗಿ 15 ಪೌಂಡ್ ಮಾತ್ರ ತುಂಬಿರುತ್ತಾರೆ, ಲೇಬಲ್ ಓದು. ಎದುರಿಗೇ ತುಂಬಿಸಿಕೊಳ್ಳುವ ಕಡೆ ಹೋದರೆ ಲಾಭ. ಎರಡು ಹೀಟರ್ ದಿನಪೂರ್ತಿ ನಿಲ್ಲದೆ ಓಡಿದರೆ 72 ಯೂನಿಟ್, 15 ಸೆಂಟಿನಂತೆ ದಿನಕ್ಕೆ ಹತ್ತು ಡಾಲರ್ ಮೇಲೆ. ಥರ್ಮೋಸ್ಟಾಟ್ ಇರುವುದರಿಂದ ಅಷ್ಟು ಓಡುವುದಿಲ್ಲ. ದಿನದ ಬಾಡಿಗೆಗೆ ಇದ್ದರೆ ಹೆಚ್ಚಿನ ಕಡೆ ಕರೆಂಟ್ ಬಾಡಿಗೆಯಲ್ಲೇ ಸೇರಿರುತ್ತದೆ, ತಿಂಗಳ ಲೆಕ್ಕಕ್ಕೆ ಇದ್ದರೆ ಮೀಟರ್ ಇಡುತ್ತಾರೆ. ಜಾಗ ಹಿಡಿಯುವ ಮೊದಲೇ ಕೇಳು. ಚಳಿಗಾಲದಲ್ಲಿ ನಲ್ಲಿ ನೀರು ಬಿಡುತ್ತಾರಾ ಅಂತಲೂ ಕೇಳು, ಕೆಲವರು ಬಂದ್ ಮಾಡುತ್ತಾರೆ.

ಅಪ್ಪ ಇದ್ದಾಗ ಒಮ್ಮೆ ಫೋನಿನಲ್ಲಿ ನನ್ನ ಹೀಟರ್ ಪುರಾಣ ಕೇಳಿ ನಕ್ಕಿದ್ದರು. ‘ನಾವು ಮೂರು ಪಾಲು ಕಲ್ಲಿದ್ದಲು ಸುಟ್ಟರೆ ಒಂದು ಪಾಲು ಕರೆಂಟ್ ಆಗ್ತದ. ಅದನ್ನ ಒಯ್ದು ನೀ ಮತ್ತ ಬಿಸಿ ಮಾಡ್ತಿ’ ಅಂತ. ಕಾನ್ಸಾಸ್‌ನಲ್ಲಿ ಈಗ ಕರೆಂಟಿನ ನಲವತ್ತು ಪರ್ಸೆಂಟ್‌ಗಿಂತ ಜಾಸ್ತಿ ಗಾಳಿಯಿಂದಲೇ ಬರುವುದು, ನಿನ್ನಂಥವರ ಕೈಯಿಂದ. ಆದರೂ ಅಪ್ಪನ ಮಾತಿನಲ್ಲಿ ಹುರುಳಿದೆ. ಕಾಯಿಲ್ ಕಾಯಿಸುವುದಕ್ಕಿಂತ ಜಾಣ ದಾರಿ ಹೀಟ್ ಪಂಪ್. ಎಸಿಯನ್ನೇ ಉಲ್ಟಾ ಓಡಿಸಿದ ಹಾಗೆ. ಹೊರಗಿನ ತಣ್ಣನೆ ಗಾಳಿಯಲ್ಲೂ ಇರುವ ಬಿಸಿಯನ್ನು ಎತ್ತಿ ಒಳಗೆ ತರುತ್ತದೆ, ಒಂದು ಯೂನಿಟ್ ಕರೆಂಟಿಗೆ ಎರಡು ಮೂರು ಯೂನಿಟ್‌ನಷ್ಟು ಬಿಸಿ. ಕೆಲವು ಟ್ರೇಲರ್‌ಗಳ ಮಾಳಿಗೆ ಮೇಲಿನ ಎಸಿಯಲ್ಲೇ ಇದು ಇರುತ್ತದೆ. ಆದರೆ ಹೊರಗೆ 4-5 ಡಿಗ್ರಿಗಿಂತ ಕೆಳಗೆ ಹೋದರೆ ಅದು ಕೈ ಎತ್ತಿಬಿಡುತ್ತದೆ, ಅಂದರೆ ಅಕ್ಟೋಬರ್‌ಗೆ ಸರಿ, ಜನವರಿಗೆ ಅಲ್ಲ. ಬೇರೆ ಕೆಲವದರಲ್ಲಿ ಹೀಟ್ ಸ್ಟ್ರಿಪ್ ಅಂತ ಇರುತ್ತದೆ, ಅದು ಬರೀ ಕಾಯಿಲ್, ಮೋಸ ಹೋಗಬೇಡ. ನಮ್ಮ ಮನೆಗಳಲ್ಲಿ ಇರುವಂಥ ಸ್ಪ್ಲಿಟ್ ಎಸಿ, ಮುಕ್ಕಾಲು ಟನ್ನಿನದ್ದು, 120 ವೋಲ್ಟಿನದ್ದು, ಚಳಿಗೆ ಅಂತ ಮಾಡಿದ್ದು ತಗೊಂಡರೆ ಮೈನಸ್ 15ರಲ್ಲೂ ಓಡುವ ಮಾಡೆಲ್‌ಗಳಿವೆ, ಎಳೆಯುವುದು ಒಂದು ಹೀಟರ್‌ಗಿಂತ ಕಡಿಮೆ. ಹೊರಗಿನ ಯೂನಿಟ್ ಅನ್ನು ಟ್ರೇಲರ್ ಮೂತಿಗೋ ಹಿಂದಿನ ಬಂಪರ್‌ಗೋ ಕೂರಿಸಬೇಕು. ಖರ್ಚು ಜಾಸ್ತಿ. ಎರಡು ಮೂರು ವರ್ಷ ಇದರಲ್ಲೇ ಇರುವುದು ಖಾತ್ರಿ ಆದರೆ ಹಾಕಿಸು, ಮುಂದಿನ ಬೇಸಿಗೆಗೂ ಆಗುತ್ತದೆ.

ಅದಕ್ಕಿಂತ ಮೊದಲು ಗಾಳಿ ತಡಿ. ಕಾನ್ಸಾಸ್‌ನಲ್ಲಿ ಚಳಿಗಿಂತ ಗಾಳಿ ಕೆಟ್ಟದ್ದು, ನಿನಗೆ ಹೇಳಬೇಕಾ, ಆ ಗಾಳಿಯೇ ನಿನಗೆ ಸಂಬಳ ಕೊಡುವುದು. ಟ್ರೇಲರ್ ಕೆಳಗೆ ಸುತ್ತಲೂ ಫೋಮ್ ಬೋರ್ಡ್ ಕಟ್ಟಿಬಿಡು, ಲಂಗ ಉಡಿಸಿದ ಹಾಗೆ. ಕಿಟಕಿಗೆ ಪ್ಲಾಸ್ಟಿಕ್ ಹಾಳೆ ಅಂಟಿಸು, ಮಾಳಿಗೆಯ ಗಾಳಿಕಿಂಡಿಗೆ ದಿಂಬು ತುರುಕು. ಇದಕ್ಕೆ ಖರ್ಚು ಮಾಡಿದ್ದು ನನಗೆ ಇನ್ನೊಂದು ಹೀಟರ್‌ಗಿಂತ ಜಾಸ್ತಿ ಉಪಯೋಗಕ್ಕೆ ಬಂತು. ಹಾಸಿಗೆಗೆ ಕರೆಂಟ್ ಕಂಬಳಿ ಹಾಕು, ನೂರು ವ್ಯಾಟ್ ಆಸುಪಾಸು, ಇಡೀ ಟ್ರೇಲರ್ ಕಾಯಿಸುವ ಬದಲು ಮಲಗಿದವರನ್ನು ಮಾತ್ರ ಕಾಯಿಸುತ್ತದೆ. ಅದರ ಮೇಲೆ ಊರಿನ ಕುರುಬರ ಕಂಬಳಿ ಹೊದ್ದರೆ ಇನ್ನೂ ಒಳ್ಳೇದು ಅಂತ ನಾನು ಒಂದು ಒಯ್ದಿದ್ದೆ. ಚುಚ್ಚುತ್ತದೆ ಅಂತ ಹೆಂಡತಿ ಬೈದಳು, ಫೆಬ್ರವರಿಯಲ್ಲಿ ಅವಳೇ ಹೊದ್ದುಕೊಂಡಳು.

ಗೋಡೆ ಬೆವರುವುದಕ್ಕೂ ತಯಾರಾಗಿರು. ಇಬ್ಬರ ಉಸಿರು, ಕುಕ್ಕರ್ ಹಬೆ, ಸ್ನಾನ, ಎಲ್ಲ ಹೋಗಿ ತಣ್ಣನೆ ಕಿಟಕಿ ಮೇಲೆ ನೀರಾಗುತ್ತದೆ. ಹಾಸಿಗೆ ಕೆಳಗೆ ಬೂಷ್ಟು ಹಿಡಿಯುತ್ತದೆ. ಎರಡು ದಿನಕ್ಕೊಮ್ಮೆ ಹಾಸಿಗೆ ಎತ್ತಿ ನೋಡು, ಅಡುಗೆ ಮಾಡುವಾಗ ಫ್ಯಾನ್ ಹಾಕು, ಗಾಳಿಯ ತೇವ ಹೀರುವ ಸಣ್ಣ ಡಿಹ್ಯುಮಿಡಿಫೈಯರ್ ಇಟ್ಟರೆ ಅದರ ಕರೆಂಟೂ ಬಿಸಿಯಾಗಿಯೇ ಒಳಗೆ ಉಳಿಯುತ್ತದೆ, ನಷ್ಟ ಇಲ್ಲ.

ಇದನ್ನೆಲ್ಲ ಮಾಡೋಕೆ ಸೆಪ್ಟೆಂಬರ್‌ವರೆಗೆ ಟೈಮ್ ಇದೆ. ಮೇ ತಿಂಗಳಲ್ಲೇ ಕೇಳಿದ್ದು ಒಳ್ಳೇದಾಯ್ತು, ಹೆಚ್ಚಿನವರು ಪೈಪ್ ಒಡೆದ ಮೇಲೆ ಕೇಳುತ್ತಾರೆ. ನಾನು ಜೂನ್ ಹತ್ತಕ್ಕೆ ವಾಪಸ್. ಕೊಪ್ಪಳದ ಗವಿಮಠದ ಜಾತ್ರೆಗೆ ಇನ್ನು ಹೋಗೋಕಾಗಲ್ಲ ಅಂತ ನೀನು ಬರೆದಿದ್ದೆ, ನನಗೆ ಎಷ್ಟು ವರ್ಷ ಆಯ್ತು ಅಂತ ಕೇಳಬೇಡ. ಕುಷ್ಟಗಿಯಿಂದ ಏನಾದರೂ ತರೋದಿದ್ದರೆ ಮನೆಯವರಿಗೆ ರಾಯಚೂರಿಗೆ ಕಳಿಸೋಕೆ ಹೇಳು, ಎರಡು ಕೆಜಿ ಒಳಗೆ.

ಕರೆಂಟ್ ಬಂತು, ಕೂಲರ್ ಶುರುವಾಯ್ತು. ಸಂಜೆ ಕೆಲಸದಿಂದ ಬಂದ ಮೇಲೆ ಟ್ರೇಲರ್ ಪ್ಲಗ್ ಹಿಡಿದು ಒಂದು ಫೋಟೋ ತೆಗೆದು ಕಳಿಸು. ಮೂರು ಕಾಲಾ, ನಾಲ್ಕಾ ನೋಡೋಣ.